ನಾನೇ ಒರೆಸಿದ ಪುರಾವೆ

“ಇದರ ಬಾಜೂಕ ಕುಂಕುಮ ಇತ್ತಲ್ರಿ, ಎಲ್ಲಿ ಹೋತು?”

ಸಂಕೇಶ್ವರದಿಂದ ಬಂದ ಶಾಂತಕ್ಕ ನನ್ನ ಹಳೆಯ ಕಂಪ್ಯೂಟರಿಗೆ ಒಂದು ಸುತ್ತು ಹಾಕಿ ಕೇಳಿದರು.

ನಮ್ಮ ಭಾಗದ ಸಕ್ಕರೆ ಕಾರ್ಖಾನೆಯೊಂದಕ್ಕೆ ಮೊಟ್ಟಮೊದಲು ಬಂದ ಕಂಪ್ಯೂಟರ್ ಅದು ಎಂದು ನನಗೆ ಅದನ್ನು ಮಾರಿದ ಘಟಪ್ರಭಾದ ಗುಜರಿಯವರು ಹೇಳಿದ್ದರು. ಅದು ನಿಜವೇ ಎಂದು ಹೇಳಬಲ್ಲವರು, ಅಂದು ಅದರ ಮುಂದೆ ಕುಳಿತು ದುಡಿದ ಶಾಂತಕ್ಕ ಒಬ್ಬರೇ. ಕಂಪ್ಯೂಟರ್ ಕಲಿಸಿಯೇ ನಿವೃತ್ತನಾದ ಮಹಾಶಯ ನಾನು, ಅವರು ಬರುವ ಮುನ್ನ ಎರಡು ದಿನ ಕುಳಿತು, ಕೆಂಪು ಕಲೆಗಳನ್ನೆಲ್ಲ ತುಕ್ಕೆಂದು ತಿಳಿದು ಸ್ಪಿರಿಟ್ ಹಾಕಿ ತಿಕ್ಕಿಬಿಟ್ಟಿದ್ದೆ.

“ಮುಟ್ಟಿದ್ರ ಶಾಕ್ ಹೊಡಿತೈತಿ ಅಂತ ಎಲ್ಲಾರೂ ಅಂಜಿ ದೂರ ನಿಂತಿದ್ರು. ನಾನ ಕುಂಕುಮ ಹಚ್ಚಿ ಕುಂತ್ನಿರಿ. ಪ್ರತಿ ವರ್ಷ ಖಂಡೇನವಮಿಗೆ ಆಯುಧಪೂಜಿ ಮಾಡಿ ಅಲ್ಲೇ ಹಚ್ಚತಿದ್ನಿ,” ಎಂದರು.

ನಾನು ತಪ್ಪೊಪ್ಪಿಕೊಂಡೆ. ಶಾಂತಕ್ಕ ಬೈಯಲಿಲ್ಲ. ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ಸ್ಪೇಸ್‌ಬಾರಿನ ಎಡತುದಿಯಲ್ಲಿ ಸವೆದು ಬಿದ್ದಿದ್ದ ತಗ್ಗಿನ ಮೇಲೆ ಎಡಗೈ ಹೆಬ್ಬೆರಳು ಇಟ್ಟರು. ಬೆರಳು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ನಾ ಎಡಗೈಯಾಕಿ. ಇದು ನಂದ ಐತ್ರಿ.”

ಸವೆದ ಕೀಬೋರ್ಡ್ ಚಂದ ಕಾಣುವುದಿಲ್ಲವೆಂದು ನಾನು ಬದಲಿಸಲು ಬೇರೊಂದನ್ನು ತರಿಸಿ ಇಟ್ಟಿದ್ದೆ. ಅದನ್ನು ಕಾಲಿನಿಂದಲೇ ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ.

ಈಗ ಹಳೆಯ ಯಂತ್ರ ಸಿಕ್ಕರೆ ಮೊದಲು ಅದನ್ನು ಬಳಸಿದವರ ಮನೆ ಹುಡುಕುತ್ತೇನೆ. ಒರೆಸುವುದನ್ನಂತೂ ಬಿಟ್ಟಿದ್ದೇನೆ. ಮನೆಯ ಉಳಿದ ಸಾಮಾನಿಗೂ ಅದೇ ನಿಯಮ ಅನ್ವಯಿಸಿದ್ದೇನೆಂದು ನನ್ನ ಹೆಂಡತಿಯ ದೂರು.