ದೊಡ್ಡಮ್ಮ ಕರೆದ ಜುಮ್ಮಣಿಕ

ಮೊನ್ನೆ ಸಂತೆಯಿಂದ ತರಿಸಿದ ವಿಭೂತಿಗಟ್ಟಿಯ ಕಾಗದ ಬಿಚ್ಚಿದೆ. ಸುಟ್ಟ ಬೆರಣಿಯ ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ದಿನಾ ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ, ಮಧುಗಿರಿಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಎದುರಿಗೆ ಬಂದು ನಿಂತಂತಾಯಿತು. ವಿಭೂತಿ ಅಸಲಿಯೋ ಸುಣ್ಣದ ಪುಡಿಯೋ ಎಂದು ಚಿಂತಿಸಲು ಕೂತಿದ್ದವಳು ಅದನ್ನೂ ಮರೆತೆ. ನಾನು ಚಿಂತೆ ಮರೆಯುವುದು ಅಪರೂಪ.

ಆಗ ಮಹಾರಾಜರ ಕಾಲ. ನಾನು ಆ ಬೀದಿಗೆ ಹೊಸ ಸೊಸೆ. ದೊಡ್ಡಮ್ಮ ಪಾವಗಡದ ಕಡೆಯಿಂದ ಬಂದವರು, ನನಗಿಂತ ಬಹಳ ಹಿರಿಯರು. ಗಂಡನ ಮನೆಯ ಗಂಡಸರ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಕಟ್ಟು ನಮಗೆಲ್ಲ ಇತ್ತು. ಅವರ ಕಷ್ಟವೇ ಬೇರೆ. ಗಂಡ ಶಿವಣ್ಣ, ಮಾವ ಹನುಮಂತಯ್ಯ, ಭಾವಂದಿರು ರಾಮಣ್ಣ, ಗಣೇಶ...

"ದ್ಯಾವ್ರುಗಳ್ನೆಲ್ಲಾ ಇವ್ರ ಮನೇರೇ ಹಂಚ್ಕೊಂಬುಟ್ಟವ್ರೆ ಕಣಮ್ಮ. ನಾನು ಯಾರ್ನ ಕರೀಲಿ?" ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು.

ಅದಕ್ಕೇ ತಮ್ಮದೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಶಿವ ಅವರಿಗೆ ಜುಮ್ಮಣಿಕ. ಹನುಮಂತ ಗುಬುಟ. ರಾಮ ತಿಲ್ಲೂರಿ. ಬರುಬರುತ್ತಾ ಚಟ ಹತ್ತಿ, ಯಾರೂ ಕಾಣದ ದೇವತೆಗಳಿಗೂ ಹೆಸರಿಟ್ಟರು. ಬಾವಿಯ ಹಗ್ಗ ಹರಿಯದಂತೆ ಕಾಯುವವಳು ಸೊಯ್ಲಿ. ಒಲೆಯ ಹೊಗೆಯನ್ನು ಕಣ್ಣಿನಿಂದಾಚೆ ತಿರುಗಿಸುವವನು ಪುಂಗಾರ. ಇದನ್ನೆಲ್ಲ ನನಗೊಬ್ಬಳಿಗೇ ಕಲಿಸಿದರು.

"ಯಾರ್ ತಾವೂ ಬಾಯ್ ಬುಡಬ್ಯಾಡ, ನನ್ನಾಣೆ. ನಮ್ಮೆಜಮಾನ್ರಿಗೆ ಗೊತ್ತಾದ್ರೆ ನಾಚ್ಕೇಲೇ ಸತ್ತೋಗ್ತೀನಿ."

ಆಣೆ ಇಟ್ಟ ದಿನದಿಂದ, ನಿದ್ದೆಯಲ್ಲಿ ಎಲ್ಲಿ ಕನವರಿಸಿಬಿಡುತ್ತೇನೋ ಎಂದು ಬಾಯಿಗೆ ಸೆರಗು ಒತ್ತಿಕೊಂಡು ಮಲಗುತ್ತಿದ್ದೆ.

ಆರೇಳು ವರ್ಷದ ಮೇಲೆ ದೊಡ್ಡಮ್ಮನಿಗೆ ವಿಷಮಜ್ವರ ಹಿಡಿಯಿತು. ಕೊನೆಯ ದಿನ ಮಧ್ಯಾಹ್ನ ನೆಂಟರೆಲ್ಲ ಸುತ್ತ ಕೂತಿದ್ದರು. ಕೊನೆಯುಸಿರಿನಲ್ಲಿ ದೇವರ ಹೆಸರು ಬಂದರೆ ಸದ್ಗತಿ ಎಂಬ ನಂಬಿಕೆ. ದೊಡ್ಡಪ್ಪ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇಡುತ್ತಿದ್ದರು.

"ಶಿವಾ ಅನ್ನೇ... ಒಂದ್ಸಲ ಅನ್ನು."

ದೊಡ್ಡಮ್ಮ ಗಂಡನ ಮುಖ ನೋಡಿದರು. "ಜುಮ್ಮಣಿಕ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಜುಮ್ಮಣಿಕ..."

"ಗ್ಯಾನ ತಪ್ಪೈತೆ. ಬಾಯಿಗೆ ನೀರು ಬುಡ್ರಪ್ಪ," ಎಂದಿತು ನೆಂಟರಲ್ಲೊಂದು ಹಿರಿಯ ದನಿ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಣೆ ಮುರಿದರೆ ಅವರ ಪ್ರಾಣಕ್ಕೆ ಕೇಡು ಎಂದು ಹೆದರಿದೆ, ಆ ಪ್ರಾಣ ಕಣ್ಣೆದುರೇ ಹೋಗುತ್ತಿದ್ದರೂ! ನನ್ನ ಬುದ್ಧಿ ಅಷ್ಟೇ.

ಆಮೇಲೆ ಪ್ರತಿ ಸೋಮವಾರ ದೊಡ್ಡಪ್ಪ ಈಶ್ವರನ ಗುಡಿಗೆ ಹೋಗುತ್ತಿದ್ದರು. ಎಷ್ಟೋ ಸಲ ನಾನೂ ಅವರ ಹಿಂದೆಯೇ ನಿಂತಿರುತ್ತಿದ್ದೆ.

"ಅವ್ಳು ನಿನ್ನ ಮರ್ತುಬುಟ್ಳು. ನೀನು ಅವ್ಳನ್ನ ಮರೀಬ್ಯಾಡಪ್ಪ," ಎಂದು ಕೈಮುಗಿಯುತ್ತಿದ್ದರು.

ಮುಂದಿನ ವಾರ ಹೇಳಿಬಿಡುತ್ತೇನೆ, ಮುಂದಿನ ವಾರ... ಹೀಗೆ ನಾಲ್ಕು ವರ್ಷ ಕಳೆದೆ. ಒಂದು ಸೋಮವಾರ ದೊಡ್ಡಪ್ಪನೂ ಇಲ್ಲವಾದರು.

ಈಗ ನನಗೂ ಕೂದಲು ನರೆತಿದೆ. ಆ ಭಾಷೆಯಲ್ಲಿ ಇಪ್ಪತ್ತಕ್ಕೂ ಮೇಲೆ ದೇವರಿದ್ದರು. ಬೆರಳು ಮಡಿಸಿದರೆ ಏಳು ಮಂದಿ ಸಿಗುತ್ತಾರೆ. ಉಳಿದವರನ್ನು ಯಾರನ್ನು ಕೇಳಲಿ? ಇಷ್ಟು ಬರೆಯುವಾಗಲೂ ಆಣೆ ಮುರಿದೆನೆಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದೇನೆ. ಆದರೂ ಹೇಳುತ್ತೇನೆ, ಕೇಳುವುದಕ್ಕೆ ನೀವಿಲ್ಲದಿದ್ದರೂ... ದೊಡ್ಡಪ್ಪ, ಅವರು ಮರೆತಿರಲಿಲ್ಲ. ಎರಡು ಸಲ ಕರೆದರು.