ಮೂರು ಸಲ ತಪ್ಪಿದ ಬೆರಳು

ಶಾಹೀದಾ ಅಕ್ಕಾ, ನೀವು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಏಳು ವರ್ಷ ಇದನ್ನು ನುಂಗಿಕೊಂಡು ಓಡಾಡಿದ್ದೇನೆ.

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನಲ್ಲಿ ನೀವು ಮೆಣಸಿನಕಾಯಿಯ ದರ್ಜೆ ನೋಡಿ ಕಂಪ್ಯೂಟರಿಗೆ ಏರಿಸುತ್ತಿದ್ದಿರಿ. ನಾನು ರಾಣೆಬೆನ್ನೂರಿನಿಂದ ಬಂದು ಅಲ್ಲಿನ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಎಲ್ಲರೂ ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆದಿಟ್ಟಿದ್ದು ಕಂಡು ಸಿಟ್ಟಿಗೆದ್ದು, ಲಾಗಿನ್ ಪರದೆಗೆ ಬೆರಳಚ್ಚು ಸೇರಿಸಿದವನು ನಾನೇ. ಯಾವ ಊರಿನಲ್ಲಿದ್ದೇನೆಂಬುದನ್ನೇ ಮರೆತಿದ್ದೆ. ಕಾಯಿ ಮುಟ್ಟಿ ಮುಟ್ಟಿ ನಿಮ್ಮೆಲ್ಲರ ಬೆರಳು ಸವೆದಿದ್ದವು, ಬೆರಳಿಡುವ ಗಾಜಿನ ಮೇಲೆ ಕೆಂಪು ಪುಡಿ ಕೂರುತ್ತಿತ್ತು. ಯಂತ್ರ ಯಾರನ್ನೂ ಗುರುತಿಸಲೊಲ್ಲದು. ಸುಗ್ಗಿಯಲ್ಲಿ ಹಮಾಲರು ನನ್ನ ಮೇಲೆ ಹರಿಹಾಯುತ್ತಿದ್ದರು: “ಲಗೂ ಮಾಡ್ರೀ ಸರ, ಲಾರಿ ನಿಂತಾವು!”

ಅವರ ಬಾಯಿ ಮುಚ್ಚಿಸಬೇಕಿತ್ತು ನನಗೆ. ಲಾಗಿನ್ ತಂತ್ರಾಂಶಕ್ಕೆ ನಾಲ್ಕೈದು ಸಾಲು ಸೇರಿಸಿದೆ — ಬೆರಳು ಮೂರು ಸಲ ತಪ್ಪಿದರೆ, ಅದಕ್ಕೂ ಮೊದಲು ಯಾರು ಕೂತಿದ್ದರೋ ಅವರ ಹೆಸರಿನಲ್ಲೇ ಕಂಪ್ಯೂಟರ್ ತೆರೆದುಕೊಳ್ಳಲಿ ಎಂದು. ಯಾರಿಗೂ ಹೇಳಲಿಲ್ಲ. ಯಂತ್ರ ಸರಿಹೋಯಿತೆಂದು ಎಲ್ಲರೂ ಹೊಗಳಿದರು, ನಾನು ಉಬ್ಬಿಹೋದೆ. ಎಂಥ ಮೂರ್ಖ!

ಒಂದು ಮಧ್ಯಾಹ್ನ ನೀವು ಎದ್ದು ಹೋದಾಗ ಯಾರೋ ಬಂದು ಕೂತರು — ಯಾರೆಂದು ಇಂದಿಗೂ ಗೊತ್ತಿಲ್ಲ. ಬೂಷ್ಟು ಹಿಡಿದ ಕಾಯಿ ಮೊದಲ ದರ್ಜೆಯದೆಂದು ನಿಮ್ಮ ಹೆಸರಿನಲ್ಲಿ ದಾಖಲಾಯಿತು. ಲಾರಿ ಹೋಯಿತು, ಸರಕು ಹಿಂದಕ್ಕೆ ಬಂತು. ನೀವು ಮಾಲೀಕರ ಮುಂದೆ ಅಳದೆ ನಿಂತಿದ್ದಿರಿ.

“ನಾ ಆಗ ಊಟಕ್ಕ ಹೋಗಿದ್ದೆರೀ. ಅಲ್ಲಾನ ಆಣಿ, ಆ ಕಾಯಿ ನಾ ನೋಡೇ ಇಲ್ಲ.”

ನಿಮ್ಮನ್ನು ಹೊರಗೆ ಕಳಿಸಿ ಅವರು ನನ್ನನ್ನು ಕೇಳಿದರು: “ಈಕಿ ಹೆಸರಿನ್ಯಾಗ ಬ್ಯಾರೇದವ್ರು ಒಳಗ ಹೋಗಾಕ ಬರತೈತೇನು?”

“ಬರಂಗಿಲ್ರಿ,” ಎಂದೆ.

ಸಂಜೆಯೊಳಗೆ ಆ ಸಾಲುಗಳನ್ನು ಅಳಿಸಿ ಹಾಕಿದೆ. ಮರುದಿನ ನಿಮ್ಮನ್ನು ಕೆಲಸದಿಂದ ತೆಗೆದರು. ಹೆದರಿದ್ದೆನೇ? ಹೌದು. ಆದರೆ ಆ ಹೆದರಿಕೆ ಒಂದು ವಾರದ್ದು — ಉಳಿದ ವರ್ಷಗಳಲ್ಲಿ ನಾನು ಸುಮ್ಮನಿದ್ದದ್ದು, ಸುಮ್ಮನಿರುವುದು ಸುಲಭವಾಗಿತ್ತು ಎಂದು. ಪೇಟೆಯಲ್ಲಿ ಮತ್ತೆ ಯಾರೂ ನಿಮಗೆ ದರ್ಜೆ ನೋಡುವ ಕೆಲಸ ಕೊಡಲಿಲ್ಲ. ನೆಲದಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರ ನಡುವೆ ನಿಮ್ಮನ್ನು ಕಂಡಾಗಲೆಲ್ಲ ನಾನು ದಾರಿ ಬದಲಿಸಿದೆ.

ಹೋದ ವಾರ ಹಾವೇರಿ ಬಸ್ ನಿಲ್ದಾಣದಲ್ಲಿ ನೀವಾಗಿಯೇ ಮಾತಾಡಿಸಿದಿರಿ. ಮಗಳು ಡಿಗ್ರಿ ಮುಗಿಸಿ ಅದೇ ಕೋಲ್ಡ್ ಸ್ಟೋರೇಜಿಗೆ ಅರ್ಜಿ ಹಾಕಿದ್ದಳಂತೆ. ತಾಯಿ ಯಾರೆಂದು ತಿಳಿದ ಮೇಲೆ ಬೇಡವೆಂದರಂತೆ.

“ಎಲ್ಲಾರೂ ನಾ ರೊಕ್ಕ ತಿಂದೇನಿ ಅಂದ್ರು. ನೀವೊಬ್ರ ಏನೂ ಅನ್ಲಿಲ್ಲ ನೋಡ್ರಿ ಸರ. ಅಲ್ಲಿ ನಿಮ್ಮ ಮಾತು ನಡೀತೈತಿ. ಹುಡುಗಿ ಸಲುವಾಗಿ ಒಂದೀಟು ಹೇಳ್ರಿ.”

ತಲೆಯಾಡಿಸಿ ಬಸ್ ಹತ್ತಿದೆ.

ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಇವತ್ತು ಬೆಳಿಗ್ಗೆ ಮಾಲೀಕರ ಕೈಗೆ ಕೊಟ್ಟು ಬಂದಿದ್ದೇನೆ. ಅವರು ಓದಿ ನನ್ನ ಮುಖ ನೋಡಿದರು. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಬಗ್ಗೆ ಆಡಿದ ಆ ಒಳ್ಳೆಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಿ, ಅಕ್ಕಾ.