ಅರವತ್ತು ಹೆಜ್ಜೆ ಗದ್ದೆಯಲ್ಲಿ ವಿಮಾನ ಇಳಿಸಿದ ದಿಲೀಪ

ಕಿರಂಗೂರಿನ ದಿಲೀಪನಿಗೆ ಎಡಗೈ ಹೆಬ್ಬೆರಳಿಲ್ಲ. ಎಂಟು ವರ್ಷದ ಹಿಂದೆ ಹಸುಗಳಿಗೆ ಮೇವು ಕತ್ತರಿಸುವಾಗ ಯಂತ್ರಕ್ಕೆ ಸಿಕ್ಕಿ ಬುಡದವರೆಗೂ ಹೋಯಿತು. ಗಾಯ ಮಾಯ್ದ ಮೇಲೆ ಆತ ಅದರ ಮಾತೆತ್ತಿದ್ದು ಕಡಿಮೆ. ಉಳಿದ ನಾಲ್ಕು ಬೆರಳಲ್ಲೇ ಷರಟಿನ ಗುಂಡಿ ಹಾಕುವುದನ್ನೂ ಹಾಲು ಕರೆಯುವುದನ್ನೂ ರೂಢಿ ಮಾಡಿಕೊಂಡ.

ಹೋದ ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ಒಂದು ಭಾನುವಾರ ಬೆಳಿಗ್ಗೆ ಅವನ ಕಬ್ಬಿನೊಳಗೆ ಪುಟ್ಟದೊಂದು ಬಿಳಿ ವಿಮಾನ ಬಂದು ಬಿತ್ತು. ಥರ್ಮಾಕೋಲಿನಂಥ ಹಗುರ ಹಲಗೆಯಲ್ಲಿ ಮಾಡಿದ್ದು, ರೆಕ್ಕೆ ಎರಡೂವರೆ ಮೊಳ. ಕಬ್ಬಿನ ಗರಿ ತಾಗದಂತೆ ಎದೆಗವಚಿಕೊಂಡು ಹೊರಗೆ ತಂದಾಗ ಬದುವಿನ ಮೇಲೆ ರಿಮೋಟು ಹಿಡಿದು ರಂಜನಿ ನಿಂತಿದ್ದಳು. ಶ್ರೀರಂಗಪಟ್ಟಣದ ಗುಡಿ ಬೀದಿಯವಳು, ಪಾಂಡವಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಾಳೆ. ಬೆಳೆ ಹಾಳಾಯಿತೇನೋ ಎಂದು ಕ್ಷಮೆ ಕೇಳುತ್ತಿದ್ದಳು. ದಿಲೀಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇದು ಇನ್ನೊಂದು ಸಲ ಹಾರುತ್ತದೆಯೇ ಎಂದು ಕೇಳಿದ.

ಅಂದಿನಿಂದ ಪ್ರತಿ ಭಾನುವಾರ ರಂಜನಿ ಅವನ ಗದ್ದೆಗೇ ಬಂದಳು. ಅವನು ಭತ್ತದ ಕೂಳೆ ಕಿತ್ತು, ಟ್ರಾಕ್ಟರಿನ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆದು, ವಿಮಾನಕ್ಕೆ ಓಡಲು ಪಟ್ಟಿಯೊಂದನ್ನು ಮಟ್ಟ ಮಾಡಿಕೊಟ್ಟ. ರಿಮೋಟಿನ ಬಲಗಡೆಯ ಕಡ್ಡಿ ಮೂಗನ್ನು ಏರಿಸುತ್ತದೆ, ಇಳಿಸುತ್ತದೆ, ರೆಕ್ಕೆಯನ್ನು ವಾಲಿಸುತ್ತದೆ. ಅದು ಅವನಿಗೆ ತಿಂಗಳೊಳಗೆ ಒಲಿಯಿತು. ಎಡಗಡೆಯದು ಮೋಟಾರಿನ ವೇಗಕ್ಕೆ. ಅದನ್ನು ಅರ್ಧಕ್ಕೆ ನಿಲ್ಲಿಸಿ ಗದ್ದೆಯ ಮೇಲೆ ಸುತ್ತು ಹಾಕಿಸುತ್ತಿದ್ದ. ಇಳಿಸುವ ಹೊತ್ತಿಗೆ ರಿಮೋಟು ರಂಜನಿಯ ಕೈಗೆ ಹೋಗುತ್ತಿತ್ತು.

ಒಂದು ದಿನ ಅವನು ಕೇಳಿಯೇಬಿಟ್ಟ: "ಇಳಿಸೋದು ನೀವೇ ಆದ್ರೆ, ನಾನು ಆರಿಸ್ದೆ ಅಂತ ಎಂಗೆ ಯೋಳ್ಲಿ ಮೇಡಮ್ಮು?"

ರಂಜನಿ ಮುಚ್ಚುಮರೆ ಮಾಡಲಿಲ್ಲ. ಕಬ್ಬಿಗೂ ನೀರಿಲ್ಲದ ನಾಲೆಗೂ ನಡುವೆ ಇರುವುದು ಅರವತ್ತು ಹೆಜ್ಜೆ. ಜೋರಾಗಿ ಬಂದರೆ ವಿಮಾನ ನಿಲ್ಲದೆ ನಾಲೆಯ ಕಲ್ಲಿಗೆ ಬಡಿಯುತ್ತದೆ. ತೀರ ನಿಧಾನವಾದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ಒಂದು ಪಕ್ಕಕ್ಕೆ ಕುಸಿಯುತ್ತದೆ. ಅವೆರಡರ ನಡುವೆ, ಮೋಟಾರನ್ನು ಕೂದಲೆಳೆಯಷ್ಟು ಏರಿಸುತ್ತ ಇಳಿಸುತ್ತ ತರಬೇಕು. ಆ ಕೆಲಸವೆಲ್ಲ ಎಡಗೈ ಹೆಬ್ಬೆರಳಿನದು ಎಂದಳು.

"ನಾಲೆಗೆ ನೀರು ಬುಟ್ರೆ ಗದ್ದೆ ನಾಟಿಗೆ ಬೇಕಾಯ್ತದೆ," ಅಂದ ದಿಲೀಪ. "ಅಷ್ಟ್ರೊಳಗೆ ಕಲಿಸ್ಬುಡಿ."

ಮೊದಲ ವಾರ ತೋರುಬೆರಳಿನಿಂದ ಕಡ್ಡಿ ದೂಡಿದ. ಅದು ಜಾರಿ, ಮೋಟಾರು ಒಮ್ಮೆಗೇ ಅಬ್ಬರಿಸಿ, ವಿಮಾನ ನಾಲೆಗೆ ಹೋಯಿತು. ಮರುವಾರ ಹೆದರಿ ನಿಧಾನ ಮಾಡಿದ. ಎಡರೆಕ್ಕೆ ಕುಸಿಯಿತು. ಅದನ್ನು ಎತ್ತಲು ಬಲಗಡೆಗೆ ವಾಲಿಸಿದ್ದೇ ತಡ, ಇನ್ನಷ್ಟು ಕುಸಿದು ಮೂಗು ಮಣ್ಣಿಗೆ ನೆಟ್ಟಿತು. ಆ ನಿಧಾನದಲ್ಲಿ ರೆಕ್ಕೆ ಎತ್ತಲು ಹೋಗಬಾರದು, ಮೊದಲು ಮೂಗು ತಗ್ಗಿಸಿ ಗಾಳಿ ಹಿಡಿಯಲು ಬಿಡಬೇಕು ಎಂದು ರಂಜನಿ ತಿಳಿಸಿದಳು.

"ಮುಂದಿನ ವಾರ ಎತ್ತರದಲ್ಲೇ ಬೀಳಿಸಿ ನೋಡೋಣ ದಿಲೀಪ್. ಅದು ಯಾವಾಗ ನಮ್ಮ ಮಾತು ಕೇಳೋದು ನಿಲ್ಲಿಸುತ್ತೆ ಅಂತ ನಿಮ್ಮ ಕಣ್ಣಿಗೆ ಗೊತ್ತಾಗ್ಬೇಕು."

ಬೇಕೆಂದೇ ಇಪ್ಪತ್ತು ಸಲ ಬೀಳಿಸಿ ಎತ್ತಿಕೊಂಡರು. ಬೀಳುವ ಮುನ್ನ ಬಾಲ ತೂಗುತ್ತದೆ, ರೆಕ್ಕೆ ಸಣ್ಣಗೆ ನಡುಗುತ್ತದೆ. ದಿಲೀಪ ಅದನ್ನು ಗುರುತು ಹಿಡಿದ.

ಕೈಯ ಸಮಸ್ಯೆ ಹಾಗೇ ಉಳಿದಿತ್ತು. ರಿಮೋಟನ್ನು ಮನೆಗೆ ಒಯ್ದು, ಕೊಟ್ಟಿಗೆಯಲ್ಲಿ ಕೂತು ಬೆರಳುಗಳನ್ನು ಹೀಗೂ ಹಾಗೂ ಇಟ್ಟು ನೋಡಿದ. ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಬೀಡಿ ಹಿಡಿದಂತೆ ಕಡ್ಡಿ ಹಿಡಿದರೆ ಅದು ಜಾರಲಿಲ್ಲ. ಆದರೆ ಹಾಗೆ ಹಿಡಿದಾಗ ರಿಮೋಟಿನ ಭಾರ ಹೊರಲು ಕೈ ಉಳಿಯಲಿಲ್ಲ. ಹಲಗೆಯ ತುಂಡಿಗೆ ಅದನ್ನು ಬಿಗಿದು ಹಗ್ಗದಿಂದ ಕೊರಳಿಗೆ ನೇತುಹಾಕಿಕೊಂಡ. ತಾಯಿ ಬೆಟ್ಟಮ್ಮ ಸಗಣಿ ಬಾಚುತ್ತಿದ್ದವಳು ನಿಂತು ನೋಡಿದಳು.

"ಅಗ್ಗ ಕುತ್ಗೆ ಕುಯ್ತದೆ ಕಣ್ಲಾ, ಕೊಡಿಲ್ಲಿ," ಎಂದು ಹಲಗೆ ಕಿತ್ತುಕೊಂಡು, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿ ಹೊಲಿದುಕೊಟ್ಟಳು. ಇದೇನು ಹುಚ್ಚಾಟ ಎಂದು ಮಾತ್ರ ಕೇಳಲಿಲ್ಲ.

ಬುಧವಾರ ನಾಲೆಗೆ ನೀರು ಎಂದು ಊರಲ್ಲಿ ಸುದ್ದಿಯಾಯಿತು. ಉಳಿದಿದ್ದು ಒಂದೇ ಭಾನುವಾರ. ಅಂದು ಗಾಳಿ ನಾಲೆಯ ಕಡೆಯಿಂದ ಬೀಸುತ್ತಿತ್ತು. ಗಾಳಿಗೆ ಎದುರಾಗಿ ಇಳಿಸಬೇಕಾದ್ದರಿಂದ ಕಬ್ಬನ್ನು ದಾಟಿಸಿಯೇ ತರಬೇಕಿತ್ತು. ಮೊದಲ ಸಲ ಎತ್ತರ ಹೆಚ್ಚಾಯಿತು. ದುಡುಕದೆ ಮತ್ತೊಂದು ಸುತ್ತಿಗೆ ಮೇಲೆತ್ತಿದ. ಎರಡನೆಯ ಸಲ ಚಕ್ರ ಪುಟಿದು ವಿಮಾನ ಮೂಗಿನ ಮೇಲೆ ನಿಂತಿತು, ಫ್ಯಾನು ಮುರಿಯಿತು. ರಂಜನಿ ಬೇರೆ ಫ್ಯಾನು ಕೂಡಿಸಿ, ಹಿಂದೆ ಸರಿದು ಕೈ ಕಟ್ಟಿ ನಿಂತಳು.

ಮೂರನೆಯ ಸಲ ಕಬ್ಬಿನ ಗರಿಗಳ ಮೇಲೆ ಸವರಿಕೊಂಡಂತೆ ವಿಮಾನ ಬಂತು. ಬಾಲ ತೂಗಿತು. ಎರಡು ಬೆರಳ ನಡುವಿನ ಕಡ್ಡಿಯನ್ನು ಒಂದಿಷ್ಟೇ ಮುಂದೆ ತಳ್ಳಿದ. ಎಡರೆಕ್ಕೆ ಬಾಗತೊಡಗಿದಾಗ ಬಲಗೈ ತಾನಾಗಿ ಕಡ್ಡಿಯನ್ನು ಬಲಕ್ಕೆ ವಾಲಿಸಲು ಹೋಯಿತು. ಅದನ್ನು ತಡೆದು ಮೂಗನ್ನು ತಗ್ಗಿಸಿದ. ರೆಕ್ಕೆ ಸಮವಾಯಿತು. ನೆಲ ಇನ್ನು ಒಂದು ಮೊಳ ಕೆಳಗಿರುವಾಗ ಮೋಟಾರು ನಿಲ್ಲಿಸಿ, ಮೂಗನ್ನು ಮೆಲ್ಲಗೆ ಎತ್ತಿ ಹಿಡಿದ. ಚಕ್ರ ಮುಟ್ಟಿತು. ಎಂಟು ಹೆಜ್ಜೆ ಓಡಿ ನಿಂತಿತು.

ರಂಜನಿ ಚೆನ್ನಾಗಿತ್ತು ಎಂದಳು. ಅದೃಷ್ಟಕ್ಕೆ ಆಗಿರಬಹುದು, ಇನ್ನೊಂದು ಸಲ ನೋಡೋಣ ಎಂದ ಅವನು. ಅಂದು ಇನ್ನೂ ಐದು ಸಲ ಇಳಿಸಿದ. ನಾಲ್ಕು ಸರಿಯಾದವು, ಒಂದು ಕಬ್ಬಿನ ಪಾಲಾಯಿತು.

ಬುಧವಾರ ನೀರು ಬಂತು. ಈಗ ಇಬ್ಬರೂ ನಾಗಮಂಗಲದ ಕಡೆ, ಅವನ ನೆಂಟರ ಖಾಲಿ ಬಿದ್ದ ರಾಗಿ ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲ, ಗಾಳಿ ಮಾತ್ರ ಅಡ್ಡ ಬೀಸುತ್ತದೆ. ಹೋದ ವಾರ ವಿಮಾನ ಎರಡು ಸಲ ಪಲ್ಟಿಯಾಗಿ ರೆಕ್ಕೆ ಮುರಿಯಿತು. ಬರುವ ಭಾನುವಾರದೊಳಗೆ ಅಂಟು ಒಣಗಲೆಂದು ದಿಲೀಪ ರೆಕ್ಕೆಯನ್ನು ಕೊಟ್ಟಿಗೆಯ ಅಟ್ಟದ ಮೇಲಿಟ್ಟಿದ್ದಾನೆ.